ಉಸಿರು ಕಾಯುವ ಕೈಗಳು

ಅರಸೀಕೆರೆಯ ತೋಟದ ಮನೆಯಲ್ಲಾಗಲಿ, ಬೇಲೂರು ಹಳೇಬೀಡುಗಳ ನಡುವಣ ಯಾವುದಾದರೊಂದು ಹಳ್ಳಿಯಲ್ಲಾಗಲಿ, ಮಳೆಗಾಲದ ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದವನನ್ನು ಕಟ್ಟುಹಾವು ಕಚ್ಚಿದರೆ ಅನೇಕ ವೇಳೆ ಅವನಿಗೆ ಅದರ ಅರಿವೇ ಆಗುವುದಿಲ್ಲ. ನೋವಿಲ್ಲ, ಊತವಿಲ್ಲ, ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾನೆ, ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಎಂಜಲನ್ನು ನುಂಗುವುದೂ ಅಸಾಧ್ಯವಾಗುತ್ತದೆ, ಕಡೆಗೆ ಉಸಿರೆಳೆಯುವ ಸ್ನಾಯುಗಳೇ ಸ್ತಬ್ಧವಾಗುತ್ತವೆ. ಪ್ರತಿವಿಷದ ಚುಚ್ಚುಮದ್ದು ರಕ್ತದಲ್ಲಿರುವ ವಿಷವನ್ನು ಹಿಡಿಯಬಲ್ಲುದೇ ಹೊರತು ನರದ ತುದಿಗಳಿಗೆ ಆಗಲೇ ಒದಗಿದ ಹಾನಿಯನ್ನು ಅಳಿಸಲಾರದು. ಅವು ಚೇತರಿಸಿಕೊಳ್ಳುವವರೆಗೆ, ಹಲವು ದಿನಗಳ ಕಾಲವಾದರೂ, ಅವನಿಗಾಗಿ ಬೇರೊಬ್ಬರು ಉಸಿರಾಡಿಸಬೇಕು. ಹಾಗೆ ಕಾಪಾಡಲ್ಪಟ್ಟವನು ಮತ್ತೆ ಹೊಲಕ್ಕೆ ಹೋಗತಕ್ಕವನೇ. ಕಣ್ಣು ತೆರೆಯಲಾರದೆ, ಬೆರಳಾಡಿಸಲಾರದೆ ಬಿದ್ದಿರುವ ಇಂಥವನಿಗೆ ಪ್ರಜ್ಞೆ ಇರುವುದುಂಟು. "ಆಸೆಯಿಲ್ಲ, ಊರಿಗೆ ಕರೆದೊಯ್ಯೋಣ" ಎಂದು ಬಂಧುಗಳು ಆಡುವ ಮಾತು ಅವನ ಕಿವಿಗೆ ಬೀಳುತ್ತಿರಬಹುದೆಂಬುದನ್ನು ನೆನೆದರೆ ಎದೆ ನಡುಗುತ್ತದೆ.

ಇಂಥ ಸಂದರ್ಭದಲ್ಲಿ ನಮ್ಮ ಮನಸ್ಸು ಉಸಿರಾಡಿಸುವ ಯಂತ್ರದತ್ತ ಓಡುತ್ತದೆ. ಆದರೆ 1952ರಲ್ಲಿ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಆವರಿಸಿದಾಗ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ರೋಗಿಗಳ ಶ್ವಾಸನಾಳಕ್ಕೆ ಕೊಳವೆಯಿಳಿಸಿ ರಬ್ಬರಿನ ಚೀಲವನ್ನು ಕೈಯಿಂದ ಒತ್ತಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಹಗಲಿರುಳೆನ್ನದೆ ಸರದಿಯ ಮೇಲೆ ಕುಳಿತು ಆ ಚೀಲಗಳನ್ನು ಒತ್ತಿದರು, ಸಾವುಗಳು ಅರ್ಧಕ್ಕೂ ಹೆಚ್ಚು ತಗ್ಗಿದವು. ಇಂದಿನ ತೀವ್ರ ನಿಗಾ ಘಟಕದ ಮೂಲ ಅಲ್ಲಿಯದು. ಆ ಬಳಿಕದ ದೊಡ್ಡ ಲಾಭಗಳೂ ಹೆಚ್ಚಾಗಿ ವಿವೇಕದಿಂದಲೇ ಬಂದುವು: ಬಾಧಿತವಾದ ಪುಪ್ಫುಸಕ್ಕೆ ಒಮ್ಮೆಗೆ ಹೆಚ್ಚು ಗಾಳಿ ನೂಕಬಾರದು, ಅದನ್ನು ರೋಗಿಯ ಎತ್ತರಕ್ಕೆ ತಕ್ಕಂತೆ ಅಳೆಯಬೇಕೆಂದು ಅಮೆರಿಕದ ಪರೀಕ್ಷೆಯೊಂದು 2000ದಲ್ಲಿ ತೋರಿಸಿ, ಸಾವಿನ ಪ್ರಮಾಣವನ್ನು ಶೇಕಡಾ 40ರಿಂದ 31ಕ್ಕೆ ಇಳಿಸಿತು, ಅತಿ ವಿಷಮಸ್ಥಿತಿಯಲ್ಲಿರುವವರನ್ನು ದಿನದ ಬಹುಪಾಲು ಬೋರಲಾಗಿ ಮಲಗಿಸುವುದರಿಂದ ಆಗುವ ಉಪಕಾರವು 2013ರಲ್ಲಿ ಸ್ಥಿರಪಟ್ಟಿತು.

ಯಂತ್ರಗಳಿಗಂತೂ ಈಗ ಮೊದಲಿನ ಬರಗಾಲವಿಲ್ಲ. 2020ರಲ್ಲಿ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸದಂತೆ ಬೆಂಗಳೂರಿನ ಬಿಇಎಲ್ ವೆಂಟಿಲೇಟರುಗಳನ್ನು ಸಹಸ್ರಗಟ್ಟಲೆ ನಿರ್ಮಿಸಿತು. ಆದರೆ ಅಂಥ ಯಂತ್ರ ಸಿಗುವ ಹಾಸನಕ್ಕೆ ಬೇಲೂರಿನಿಂದಲೂ ಅರಸೀಕೆರೆಯಿಂದಲೂ ಸುಮಾರು 40 ಕಿಲೋಮೀಟರ್ ಹಾದಿಯುಂಟು; ಆ ಮುಕ್ಕಾಲು ಗಂಟೆಯಲ್ಲಿ ರೋಗಿಯನ್ನು ಬದುಕಿಸತಕ್ಕದ್ದು ಆಂಬು ಬ್ಯಾಗ್ ಎಂಬ ಗಾಳಿಚೀಲವನ್ನು ತಪ್ಪದೆ, ಸಾವಧಾನವಾಗಿ ಒತ್ತುವ ಕೈ. ಹಾವು ಕಡಿತವನ್ನು 2024ರಲ್ಲಿ ಅಧಿಸೂಚಿತ ರೋಗವೆಂದು ಸಾರಿದ ನಮ್ಮ ಸರ್ಕಾರವು ಲೆಕ್ಕ ಬರೆಯುವುದಕ್ಕೇ ನಿಲ್ಲದೆ, ಈ ಎರಡು ತಾಲ್ಲೂಕು ಆಸ್ಪತ್ರೆಗಳ ರಾತ್ರಿ ಪಾಳಿಯಲ್ಲಿ ಕೊಳವೆಯಿಳಿಸಬಲ್ಲ ವೈದ್ಯರನ್ನೂ ನರ್ಸನ್ನೂ ತಪ್ಪದೆ ಇರಿಸಬೇಕು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯವರು ಅವರಿಗೂ 108 ಆಂಬುಲೆನ್ಸಿನ ಸಿಬ್ಬಂದಿಗೂ ವರ್ಷಕ್ಕೆರಡು ಬಾರಿಯಾದರೂ ಗೊಂಬೆಯ ಮೇಲೆ ಅಭ್ಯಾಸ ಮಾಡಿಸಬೇಕು, ಮತ್ತು ಈ ವ್ಯವಸ್ಥೆ ಮುಂದಿನ ಮುಂಗಾರಿಗೆ ಮುನ್ನವೇ ಆಗತಕ್ಕದ್ದು.