ಉತ್ತರ ಸಿಗದ ಮನೆಯ ಪ್ರಶ್ನೆಗಳು

ಮಳೆಗಾಲ ಆರಂಭವಾದೊಡನೆ ದಕ್ಷಿಣ ಬೆಂಗಳೂರಿನ ತಿಲಕನಗರ, ಗುರಪ್ಪನಪಾಳ್ಯ, ಬಿಟಿಎಂ ಲೇಔಟ್, ಬನಶಂಕರಿಗಳ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: “ಗೋಡೆಯಲ್ಲಿ ತೇವ ಬರುತ್ತಿದೆ, ಏನು ಮಾಡಬೇಕು?” ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಕೇಳುತ್ತಾರೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳುತ್ತಾರೆ, ಮನೆ ಕಟ್ಟಿಸಿದ ಬಂಧುಗಳಿಗೆ ಫೋನ್ ಮಾಡಿ ಕೇಳುತ್ತಾರೆ. ಬಹಳಷ್ಟು ಸಲ ಉತ್ತರ ಸಿಗುವುದಿಲ್ಲ. ಜನರಲ್ಲಿ ಪರೋಪಕಾರ ಬುದ್ಧಿ ಉಳಿದಿಲ್ಲವೆಂದು ನೊಂದುಕೊಳ್ಳುವವರಿದ್ದಾರೆ. ಆದರೆ ಈ ಮೌನಕ್ಕೆ ಸ್ವಾರ್ಥವೊಂದೇ ಕಾರಣವೆಂದು ನಮಗೆ ತೋರುವುದಿಲ್ಲ.

ಮೊದಲನೆಯ ಕಾರಣ ಪ್ರಶ್ನೆಯಲ್ಲೇ ಇದೆ. ತೇವ ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯದೆ ಮದ್ದು ಹೇಳಲಾಗದು. ಮಳೆ ಬಂದಾಗ ಮಾತ್ರ ಸೂರು ಒದ್ದೆಯಾದರೆ ತಾರಸಿಯನ್ನು ನೋಡಬೇಕು. ಬೇಸಿಗೆಯಲ್ಲೂ ಒಂದೇ ಕಡೆ ಒದ್ದೆಯಿದ್ದರೆ ಸ್ನಾನದ ಕೋಣೆಯ ಅಥವಾ ಪೈಪಿನ ಸೋರಿಕೆಯನ್ನು ಶಂಕಿಸಬೇಕು. ಗೋಡೆಯ ಬುಡದಲ್ಲಿ ಒಂದೆರಡು ಅಡಿಯಷ್ಟು ಎತ್ತರಕ್ಕೆ ಮಾತ್ರ ತೇವ ಏರಿದ್ದರೆ ಅದು ನೆಲದಿಂದ ಬರುತ್ತಿರಬಹುದು. ಎಲ್ಲ ನಲ್ಲಿಗಳನ್ನು ಮುಚ್ಚಿ, ಟ್ಯಾಂಕು ಸಂಪುಗಳಿಗೂ ನೀರು ತುಂಬದಂತೆ ಮಾಡಿದ ಮೇಲೂ ನೀರಿನ ಮೀಟರ್ ತಿರುಗುತ್ತಿದ್ದರೆ ಎಲ್ಲೋ ಪೈಪು ಸೋರುತ್ತಿದೆ ಎಂದು ತಿಳಿಯಬಹುದು. ಇಷ್ಟನ್ನು ಗಮನಿಸಿ ಮನೆಯ ವಯಸ್ಸು, ಹಿಂದೆ ಮಾಡಿಸಿದ ದುರಸ್ತಿ ಎರಡನ್ನೂ ಹೇಳಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ. ಇವನ್ನು ಹೇಳದಿದ್ದರೆ ಬಲ್ಲವನು ಸುಮ್ಮನಾಗುತ್ತಾನೆ, ಡಬ್ಬಿ ಮಾರುವವನು ಮಾತ್ರ ಬಾಯಿ ತೆರೆಯುತ್ತಾನೆ.

ಎರಡನೆಯ ಕಾರಣ ಬಲ್ಲವರ ಭಯ. ತನ್ನ ಮಾತು ಕೇಳಿ ಸಾವಿರಾರು ರೂಪಾಯಿ ಖರ್ಚು ಮಾಡಿದ ಮೇಲೂ ತೇವ ನಿಲ್ಲದಿದ್ದರೆ ದೂರು ತನ್ನ ಮೇಲೆಯೇ ಬರುತ್ತದೆಂದು ಅನುಭವಿ ಹಿಂಜರಿಯುತ್ತಾನೆ. ಇತ್ತ ಅರಿಯದವನಿಗೆ ಯಾವ ಅಳುಕೂ ಇರುವುದಿಲ್ಲ. ತಲೆಗೆ ಗಾಯವಾಗಿದ್ದ ಒಬ್ಬರು ತಯಮ್ಮುಮ್ ಮಾಡಬಹುದೇ ಎಂದು ಕೇಳಿದಾಗ ಸಂಗಡಿಗರು ಅರಿವಿಲ್ಲದೆಯೇ ಕೂಡದೆಂದರು. ಅವರು ಸ್ನಾನ ಮಾಡಿ ಮರಣ ಹೊಂದಿದರು. ಇದನ್ನು ಕೇಳಿದ ಪ್ರವಾದಿ ಮುಹಮ್ಮದ್(ಸ)ರು ತೀವ್ರವಾಗಿ ಖಂಡಿಸಿ, ತಿಳಿಯದಿದ್ದಾಗ ವಿಚಾರಿಸಬೇಕಿತ್ತೆಂದು ಬೋಧಿಸಿದ ವರದಿ ಅಬೂದಾವೂದ್‌ನಲ್ಲಿದೆ. ಇಮಾಮ್ ಮಾಲಿಕ್‌ರಿಗೆ 48 ಪ್ರಶ್ನೆಗಳನ್ನು ಕೇಳಿದಾಗ 32ಕ್ಕೆ ತಮಗೆ ತಿಳಿಯದೆಂದೇ ಹೇಳಿದರೆಂಬ ವರದಿಯೂ ಇದೆ. ಗೊತ್ತಿಲ್ಲವೆನ್ನುವುದೂ ಉತ್ತರವೇ. ಕೇಳಿದವನು ಬೇರೆಯವರ ಬಳಿ ಹೋಗಲು ಅದರಿಂದ ದಾರಿಯಾಗುತ್ತದೆ.

ಮೂರನೆಯದು, ಉತ್ತರವಿರುವ ಕಡೆ ನಾವು ಕೇಳುವುದಿಲ್ಲ. ನಮ್ಮ ಬಡಾವಣೆಗಳಲ್ಲಿ 20×30ರ ನಿವೇಶನಗಳಲ್ಲಿ ಮಹಡಿಯ ಮೇಲೆ ಮಹಡಿ ಎದ್ದು, ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಎರಡು ಗೋಡೆಗಳ ನಡುವೆ ಕೈ ತೂರುವಷ್ಟೂ ಜಾಗವಿಲ್ಲ. ಅಲ್ಲಿಗೆ ಇಳಿಯುವ ಮಳೆನೀರನ್ನು ತಡೆಯಬೇಕಾದರೆ ನೆರೆಮನೆಯ ತಾರಸಿಗೆ ಹೋಗಿ ಆ ಸಂದಿಯನ್ನು ಮುಚ್ಚಬೇಕು. ಅದಕ್ಕೆ ಬೇಕಾದುದು ನೆರೆಯವರ ಒಪ್ಪಿಗೆ. ಅವರೊಡನೆ ಮಾತು ಬಿಟ್ಟು ಊರಿಗೆಲ್ಲ ಪ್ರಶ್ನೆ ಕೇಳಿದರೆ ಫಲವೇನು? ನೆರೆಯವನು ತನ್ನ ಗೋಡೆಗೆ ತೊಲೆ ಊರುವುದನ್ನು ತಡೆಯಬಾರದೆಂಬ ಬೋಧನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ತೊಲೆಯ ವಿಷಯದಲ್ಲೇ ಇಷ್ಟು ಉದಾರತೆ ಬೇಕಾದರೆ, ಒಂದು ದಿನ ತಾರಸಿಯ ಬಾಗಿಲು ತೆರೆದುಕೊಡುವುದು ದೊಡ್ಡ ಮಾತಲ್ಲ.

ಸರಿಯಾದ ಕಡೆ, ಸರಿಯಾದ ವಿವರದೊಂದಿಗೆ ಕೇಳಿದರೆ ಉತ್ತರ ಸಿಗುತ್ತದೆ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಮಾದರಿಗಳನ್ನು ಅಲ್ಲಿ ಕಣ್ಣಾರೆ ಕಾಣಬಹುದು. ತಾರಸಿಯ ಅಳತೆ ತಿಳಿದಿದ್ದರೆ ಲೆಕ್ಕ ಸುಲಭ. 1200 ಚದರಡಿಯ ತಾರಸಿಯ ಮೇಲೆ ಬೆಂಗಳೂರಿನ ಸರಾಸರಿ ಮಳೆಯಿಂದ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ನೀರು ಬೀಳುತ್ತದೆ. ಆದರೆ ಕಂಬ, ತೊಲೆಗಳಲ್ಲಿ ಬಿರುಕು ಕಂಡರೆ ಅದು ದೂರದಿಂದ ಸಲಹೆ ಕೊಡುವ ವಿಷಯವಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಲೇಬೇಕು. 2021ರ ಸೆಪ್ಟೆಂಬರ್‌ನಲ್ಲಿ ಲಕ್ಕಸಂದ್ರದಲ್ಲಿ ಬಹುಮಹಡಿ ಕಟ್ಟಡವೊಂದು ಕುಸಿಯಿತು. ಒಳಗಿದ್ದವರು ಮೊದಲೇ ಹೊರಬಂದಿದ್ದರಿಂದ ಜೀವಗಳು ಉಳಿದವು.

ಇನ್ನೊಂದು ಮಾತನ್ನು ನಾವು ಮರೆಯಬಾರದು. ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳಿಗೆ ಅವರ ಅರಿವೇ ಅನ್ನ. ಒಂದು ದಿನದ ಕೂಲಿ ಬಿಟ್ಟು ಬಂದು ಗೋಡೆ ನೋಡಿದವನಿಗೆ ಚಹಾ ಕೊಟ್ಟು ಕಳುಹಿಸಿದರೆ ಆತ ಮುಂದೆ ಬಾರನು. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿತವರು ನಾವು. ನೋಡಿ ಹೇಳುವುದೂ ದುಡಿಮೆಯೇ.

ನಮ್ಮ ಮಸೀದಿಗಳ ಜಮಾಅತ್‌ಗಳಲ್ಲಿ ಇಂತಹ ಕಸುಬುದಾರರು ಬೇಕಾದಷ್ಟಿದ್ದಾರೆ. ತಿಂಗಳಿಗೊಮ್ಮೆ ಜುಮಾದ ಬಳಿಕ ಅವರನ್ನು ಗೌರವದಿಂದ ಕೂರಿಸಿ, ಸಂಭಾವನೆ ಕೊಟ್ಟು, ಜನರ ಪ್ರಶ್ನೆಗಳಿಗೆ ಉತ್ತರ ಹೇಳಿಸುವುದು ಕಷ್ಟವೇನಲ್ಲ. ಬಾಡಿಗೆ ಮನೆಯ ವಿಧವೆಗೂ ವೃದ್ಧರಿಗೂ ಅದರಿಂದ ಆಸರೆಯಾಗುತ್ತದೆ. ಸಲಹೆ ಪಡೆದವರು ಬಳಿಕ ಬಂದು, ತೇವ ನಿಂತಿತೇ ಇಲ್ಲವೇ ಎಂದು ತಿಳಿಸಬೇಕು. ಮುಂದಿನ ವರ್ಷದ ಮಳೆಗಾಲದಲ್ಲಿ ಅದೇ ಪ್ರಶ್ನೆ ಹೊತ್ತು ಬರುವ ಇನ್ನೊಂದು ಕುಟುಂಬಕ್ಕೆ ಅದು ನಾವು ಉಳಿಸಿಕೊಡುವ ಉತ್ತರ.