ಯಾವ ಗುದ್ದು ದೊಡ್ಡದು?

ರಾತ್ರಿ ಊಟ ಮುಗಿದ ಮೇಲೆ ಹಾಸ್ಟೆಲುಗಳಲ್ಲಿ ಎಂಥೆಂಥ ವಾದ ನಡೆಯುತ್ತೆ ಅನ್ನೋದು ನಮಗೆ ಗೊತ್ತಿಲ್ಲದ್ದೇನಲ್ಲ. ನಾವೂ ಅಲ್ಲೇ ಮುದ್ದೆ ಉಂಡು ಬೆಳೆದವರು. ಈಗ ಹಳೇ ಬಾಕ್ಸಿಂಗ್ ಪಂದ್ಯಗಳೆಲ್ಲ ಮೊಬೈಲಿನಲ್ಲೇ ನೋಡೋಕೆ ಸಿಗುತ್ತವೆ. ಹಾಗಾಗಿ ಒಂದು ವಾದ ಮತ್ತೆ ಮತ್ತೆ ಏಳುತ್ತಿದೆ. ಬಾಕ್ಸಿಂಗಿನ ದೊಡ್ಡ ದೊಡ್ಡ ಜಟ್ಟಿಗಳಲ್ಲಿ ಯಾರ ಯಾವ ಗೆಲುವು ಎಲ್ಲಕ್ಕಿಂತ ದೊಡ್ಡದು? ಒಬ್ಬ, ಮಹಮದ್ ಅಲಿ ಫೋರ್‌ಮನ್‌ನನ್ನು ಕೆಡವಿದ್ದು ಅಂತಾನೆ. ಇನ್ನೊಬ್ಬ, ಅದಲ್ಲ, ಫ್ರೇಜಿಯರ್ ಜೊತೆಗಿನ ಮನಿಲಾ ಪಂದ್ಯ ಅಂತಾನೆ. ಮತ್ತೊಬ್ಬ, ಹಿಟ್ಲರನ ದೇಶದ ಶ್ಮೆಲಿಂಗನನ್ನು ಜೋ ಲೂಯಿ 124 ಸೆಕೆಂಡಿನಲ್ಲಿ ಮಲಗಿಸಿದ್ದು ಅಂತ ಹಟ ಹಿಡೀತಾನೆ.

ಇದು ಹುಡುಗಾಟದ ಮಾತು ಅಂತ ನಾವು ತಳ್ಳಿಹಾಕುವುದಿಲ್ಲ. ಕರಿಯರ ಗೆಲುವು ಸೋಲುಗಳು ನಮಗೆ ಹೊರಗಿನವಲ್ಲ. ಜೋತಿಬಾ ಫುಲೆಯವರು 1873ರಲ್ಲಿ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಗುಲಾಮಿ ಪದ್ಧತಿಯನ್ನು ಕಿತ್ತುಹಾಕಿದ ಅಮೆರಿಕದ ಜನರಿಗೆ. 1972ರಲ್ಲಿ ಮುಂಬಯಿಯ ದಲಿತ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಅನ್ನೋ ಹೆಸರನ್ನು ತಗೊಂಡದ್ದು ಅಮೆರಿಕದ ಕರಿಯ ಹುಡುಗರಿಂದ. ವಾದ ನಡೀಲಿ. ಆದರೆ ಯಾವ ಸೇರಿನಲ್ಲಿ ಅಳೀತಿದೀವಿ ಅನ್ನೋದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ.

ಎಷ್ಟು ರೌಂಡು, ಎಷ್ಟು ಡಾಲರು, ಎಷ್ಟು ಸಾವಿರ ಜನ ಚಪ್ಪಾಳೆ ತಟ್ಟಿದರು, ಇದು ಟಿಕೆಟ್ ಮಾರಿದವನ ಲೆಕ್ಕ. ನಮ್ಮ ಲೆಕ್ಕ ಬೇರೆ. ಗೆದ್ದವನ ಹಿಂದೆ ನಿಂತಿದ್ದವನಿಗೆ ಆ ಗೆಲುವಿನಿಂದ ಏನು ದಕ್ಕಿತು? ಈ ಒಂದು ಪ್ರಶ್ನೆ ಇಟ್ಟುಕೊಂಡು ನೋಡೋಣ.

ಮೊದಲು ಕಿನ್ಶಾಸಾ. 1974ರ ಅಕ್ಟೋಬರ್ 30. ಆಗಿನ ಜಯೀರ್ ದೇಶ. ಅಲಿಗೆ 32 ವರ್ಷ, ಫೋರ್‌ಮನ್‌ಗೆ 25. ಅಲಿ ಹಗ್ಗಕ್ಕೆ ಒರಗಿ ಏಟು ತಿಂದ, ತಿಂದ, ತಿಂದ. ಎದುರಾಳಿಯ ತೋಳು ಸೋತಾಗ ಎಂಟನೇ ರೌಂಡಿನಲ್ಲಿ ಕೆಡವಿದ. ಏಟು ತಿಂದೂ ಬದುಕಿ ಉಳಿಯೋದು ಹೇಗೆ ಅಂತ ತಿಳಿದಿರೋ ನಮ್ಮ ಜನಕ್ಕೆ ಈ ಪಂದ್ಯ ಯಾಕೆ ಇಷ್ಟವಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಪಂದ್ಯಕ್ಕೆ ದುಡ್ಡು ಸುರಿದವನು ಸರ್ವಾಧಿಕಾರಿ ಮೊಬುಟು. ಒಬ್ಬೊಬ್ಬರಿಗೆ 50 ಲಕ್ಷ ಡಾಲರು. ಪಂದ್ಯದಿಂದ ಹೆಸರು ಬಂದದ್ದು ಅವನಿಗೆ. ಆ ದೇಶದ ಬಡವನ ಗುಡಿಸಲು ಇದ್ದ ಹಾಗೇ ಇತ್ತು.

ಇನ್ನು ಮನಿಲಾ. 1975ರ ಅಕ್ಟೋಬರ್ 1. ಅಲ್ಲಿ ಮಾರ್ಕೋಸನ ಮಿಲಿಟರಿ ಕಾನೂನು. ಹದಿನಾಲ್ಕು ರೌಂಡು ಇಬ್ಬರೂ ಒಬ್ಬರನ್ನೊಬ್ಬರು ಜಜ್ಜಿದರು. ಫ್ರೇಜಿಯರನ ಕಣ್ಣು ಮುಚ್ಚಿಹೋದಾಗ ಅವನ ಗುರು ಎಡ್ಡಿ ಫಚ್ ಪಂದ್ಯ ನಿಲ್ಲಿಸಿದ. ಅಂಥ ಪಂದ್ಯ ಮತ್ತೊಂದಿಲ್ಲ ಅಂತಾರೆ, ಇರಬಹುದು. ಆದರೆ ಈ ಫ್ರೇಜಿಯರ್ ಯಾರು? ದಕ್ಷಿಣ ಕೆರೊಲಿನಾದಲ್ಲಿ ಕಂಡವರ ಹೊಲ ಗೇಯ್ದ ಮನೆಯ ಮಗ. ಅಲಿಯ ಲೈಸೆನ್ಸ್ ಕಿತ್ತುಕೊಂಡಾಗ ಅವನ ಪರವಾಗಿ ಮಾತಾಡಿದವನು. ಅಂಥವನನ್ನು ಅಲಿ ಊರ ಮುಂದೆ ಗೊರಿಲ್ಲಾ ಅಂದ, ಬಿಳಿಯರ ಬಾಲಬಡುಕ ಅಂದ. ಫ್ರೇಜಿಯರ್ ಅದನ್ನು ಎಷ್ಟೋ ವರ್ಷ ಮರೆಯಲಿಲ್ಲ. ನಮ್ಮವನೇ ನಮ್ಮವನಿಗೆ ಮೇಲಿನವರ ಬೈಗುಳವನ್ನು ಎರವಲು ತಂದು ಬೈದ ಪಂದ್ಯ ಅದು. ಎಡಗೈ ಬಲಗೈ ಅಂತ ಒಂದೇ ಕೇರಿಯಲ್ಲಿ ಮುಖ ತಿರುಗಿಸಿ ಕೂರೋ ನಮಗೆ ಇದು ಅರ್ಥವಾಗಬೇಕು. ಅಲಿಯ ಮೇಲೆ ನಮಗಿರೋ ಪ್ರೀತಿ ಇದರಿಂದ ಕಡಿಮೆಯಾಗೋಲ್ಲ. ಆದರೆ ಮನಿಲಾವನ್ನು ಎಲ್ಲಕ್ಕಿಂತ ದೊಡ್ಡದು ಅನ್ನೋಕೆ ನಮ್ಮ ಬಾಯಿ ಬರುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಹೆವಿವೇಯ್ಟ್ ಪಟ್ಟ ಅಂದರೆ ಒಂದು ಕಾಲಕ್ಕೆ ಅಗ್ರಹಾರದ ಬಾವಿ ಇದ್ದ ಹಾಗೆ. ಜಾನ್ ಸುಲಿವನ್, ಜೆಫ್ರೀಸ್ ಇವರೆಲ್ಲ ಪಟ್ಟವನ್ನು ಪಣಕ್ಕಿಟ್ಟು ಕರಿಯರ ಜೊತೆ ಆಡಲೇ ಇಲ್ಲ. ಸೋಲೋ ಭಯ ಅಂತ ಒಪ್ಪಿಕೊಳ್ಳಲಿಲ್ಲ, ಬಣ್ಣದ ಗೆರೆ ಅಂದರು. ಮುಟ್ಟಿಸಿಕೊಳ್ಳೋಲ್ಲ ಅನ್ನೋದಕ್ಕೆ ಅಲ್ಲಿಯ ಮಾತು ಅದು. ಗುಲಾಮರಾಗಿದ್ದ ತಂದೆತಾಯಿಗೆ ಹುಟ್ಟಿದ ಜ್ಯಾಕ್ ಜಾನ್ಸನ್, ಪಟ್ಟದಲ್ಲಿದ್ದ ಟಾಮಿ ಬರ್ನ್ಸ್‌ನನ್ನು ಬೆನ್ನುಹತ್ತಿ ಆಸ್ಟ್ರೇಲಿಯಾದವರೆಗೂ ಹೋದ. ಸಿಡ್ನಿಯಲ್ಲಿ 1908ರ ಡಿಸೆಂಬರ್ 26ರಂದು ಪಂದ್ಯ. ಬರ್ನ್ಸ್‌ಗೆ 30,000 ಡಾಲರು, ಜಾನ್ಸನ್‌ಗೆ 5,000. ಹದಿನಾಲ್ಕನೇ ರೌಂಡಿನಲ್ಲಿ ಪೊಲೀಸರೇ ನಡುವೆ ಬಂದು ನಿಲ್ಲಿಸಬೇಕಾಯಿತು. ಗೆದ್ದವನು ಕರಿಯ.

ಬಿಳಿಯರು ಕಂಗಾಲಾದರು. ನಿವೃತ್ತನಾಗಿದ್ದ ಜೆಫ್ರೀಸನನ್ನು ಎಳೆತಂದರು. 1910ರ ಜುಲೈ 4, ಅವರ ಸ್ವಾತಂತ್ರ್ಯದ ದಿನವೇ, ನೆವಾಡಾದ ರೀನೋದಲ್ಲಿ ಜಾನ್ಸನ್ ಅವನನ್ನು ಹದಿನೈದನೇ ರೌಂಡಿನಲ್ಲಿ ಮುಗಿಸಿದ. ಆ ರಾತ್ರಿ ಊರೂರಲ್ಲಿ ಗಲಭೆ. ಹಿಗ್ಗಿದ್ದೇ ತಪ್ಪು ಅಂತ ಕರಿಯರನ್ನು ಹೊಡೆದರು, ಕೊಂದರು. 1912ರಲ್ಲಿ ಬಾಕ್ಸಿಂಗ್ ಫಿಲಂಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದು ಅಂತ ಕಾನೂನನ್ನೇ ತಂದರು. ಬಿಳಿ ಹೆಣ್ಣಿನ ಜೊತೆ ಬಾಳಿದವನು ಅನ್ನೋ ಸಿಟ್ಟಿಗೆ 1913ರಲ್ಲಿ ಬರೀ ಬಿಳಿಯರೇ ಇದ್ದ ಜ್ಯೂರಿ ಅವನನ್ನು ಅಪರಾಧಿ ಅಂದಿತು. ಆತ ದೇಶ ಬಿಟ್ಟ. ಅದೇ ವರ್ಷ ಜುಲೈನಲ್ಲಿ ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ನ್ಯೂಯಾರ್ಕಿನಲ್ಲಿ ಇಳಿದರು. ಜಾನ್ಸನ್‌ಗೆ ಸರ್ಕಾರ ಕ್ಷಮೆ ಕೊಟ್ಟದ್ದು ಯಾವಾಗ? 2018ರಲ್ಲಿ. ಆತ ಸತ್ತು 72 ವರ್ಷ ಆದ ಮೇಲೆ!

ಹಾಗಾದರೆ ರೀನೋ ಗೆಲುವೇ ದೊಡ್ಡದಾ? ನಾವೂ ಬಹಳ ದಿನ ಹಾಗೇ ಅಂದುಕೊಂಡಿದ್ದೆವು. ಆದರೆ ಜಾನ್ಸನ್‌ನ ಕಥೆಯಲ್ಲಿ ಒಂದು ಪುಟವನ್ನು ನಾವು ಓದದೆ ಮಗುಚಿಬಿಡ್ತೀವಿ. ಅವನ ಕಾಲದಲ್ಲೇ ಸ್ಯಾಮ್ ಲ್ಯಾಂಗ್‌ಫರ್ಡ್, ಜೋ ಜೆನೆಟ್, ಸ್ಯಾಮ್ ಮೆಕ್ವೀ ಅಂತ ಭಾರೀ ಕರಿಯ ಜಟ್ಟಿಗಳಿದ್ದರು. ಪಟ್ಟ ಏರಿದ ಮೇಲೆ ಜಾನ್ಸನ್ ಅವರಲ್ಲಿ ಒಬ್ಬನಿಗೂ ಅವಕಾಶ ಕೊಡಲಿಲ್ಲ. ಬಿಳಿಯರ ಜೊತೆ ಆಡಿದರೆ ದುಡ್ಡು ಹೆಚ್ಚು. ಪಟ್ಟಕ್ಕಾಗಿ ಅವನು ಒಬ್ಬ ಕರಿಯನ ಜೊತೆ ಆಡಿದ್ದು ಒಂದೇ ಸಲ, 1913ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಲ್ಲಿ. ತಾನು ಒದ್ದು ತೆಗೆದ ಬಾಗಿಲನ್ನು ತಾನೇ ಒಳಗಿನಿಂದ ಅಗುಳಿ ಹಾಕಿಕೊಂಡ. 1915ರಲ್ಲಿ ಹವಾನಾದಲ್ಲಿ ಅವನು ಸೋತ ಮೇಲೆ ಬಿಳಿಯರು ಹೊರಗಿನಿಂದ ಬೀಗ ಜಡಿದರು. ಇಪ್ಪತ್ತೆರಡು ವರ್ಷ! ಹ್ಯಾರಿ ವಿಲ್ಸ್ ಅನ್ನೋ ಕರಿಯ ಜಟ್ಟಿ ಡೆಂಪ್ಸಿಯ ಜೊತೆ ಆಡಬೇಕು ಅಂತ ಕಾದು ಕಾದು ವಯಸ್ಸು ಮುಗಿಸಿಕೊಂಡ. ಕರಾರಿಗೆ ಸಹಿ ಬಿದ್ದರೂ ಪಂದ್ಯ ನಡೆಯಲಿಲ್ಲ.

ಈಗ ನಮ್ಮ ಓಟು ಯಾವುದಕ್ಕೆ ಅಂತ ಹೇಳ್ತೀವಿ. ಹಾಸ್ಟೆಲಿನ ವಾದದಲ್ಲಿ ಯಾರೂ ಎತ್ತದ ಪಂದ್ಯ ಅದು. 1937ರ ಜೂನ್ 22, ಶಿಕಾಗೊ. ಜೋ ಲೂಯಿ ಮತ್ತು ಬ್ರಾಡಾಕ್. ಲೂಯಿ ಅಲಬಾಮಾದ ಪಾಲುಗೇಣಿಯವರ ಮಗ, ಡೆಟ್ರಾಯಿಟಿಗೆ ವಲಸೆ ಬಂದು ಬೆಳೆದವನು. ಮೊದಲ ರೌಂಡಿನಲ್ಲೇ ನೆಲಕ್ಕೆ ಬಿದ್ದ. ಎದ್ದ. ಎಂಟನೇ ರೌಂಡಿನಲ್ಲಿ ಬ್ರಾಡಾಕ್‌ನನ್ನು ಮಲಗಿಸಿದ. ಈ ಪಂದ್ಯ ಪುಕ್ಕಟೆ ಸಿಕ್ಕಿದ್ದಲ್ಲ. ಲೂಯಿಯ ಪಂದ್ಯ ನಡೆಸುತ್ತಿದ್ದವನು ತನ್ನ ಲಾಭದಲ್ಲಿ ನೂರಕ್ಕೆ ಹತ್ತರಂತೆ ಹತ್ತು ವರ್ಷ ಬ್ರಾಡಾಕ್ ಕಡೆಯವರಿಗೆ ಕೊಡ್ತೀನಿ ಅಂತ ಒಪ್ಪಿದ ಮೇಲೇ ಬಾಗಿಲು ತೆರೆದದ್ದು.

ಮುಂದಿನ ವರ್ಷ ಅದೇ ಜೂನ್ 22ರಂದು ಶ್ಮೆಲಿಂಗ್ ಬಿದ್ದ. ಇಡೀ ಅಮೆರಿಕ ಕುಣಿಯಿತು. ಬಿಳಿಯರೂ ಕುಣಿದರು. ಆದರೆ ಕುಣಿದ ಆ ಬಿಳಿಯರ ಹೋಟೆಲಿನಲ್ಲಿ, ಶಾಲೆಯಲ್ಲಿ, ಸೈನ್ಯದಲ್ಲಿ ಕರಿಯರನ್ನು ಬೇರೆ ಕೂರಿಸೋದು ನಿಲ್ಲಲಿಲ್ಲ. ಮಹಾಯುದ್ಧದಲ್ಲಿ ಲೂಯಿ ಸೇರಿದ್ದೂ ಅದೇ ಬೇರ್ಪಡಿಸಿದ ಸೈನ್ಯಕ್ಕೆ. ಹಾಗಾಗಿ ಚಪ್ಪಾಳೆಯನ್ನು ನಂಬಬೇಡಿ ಗೆಳೆಯರೇ. ಚಪ್ಪಾಳೆ ಬಂದದ್ದು 1938ರಲ್ಲಿ, ಬಾಗಿಲು ತೆರೆದದ್ದು 1937ರಲ್ಲಿ.

ಆಮೇಲೆ ಆ ಬಾಗಿಲು ಮತ್ತೆ ಮುಚ್ಚಲಿಲ್ಲ. ಲೂಯಿ ಸುಮಾರು ಹನ್ನೆರಡು ವರ್ಷ ಪಟ್ಟ ಕಾಪಾಡಿಕೊಂಡ, 25 ಸಲ. 1939ರಲ್ಲಿ ಜಾನ್ ಹೆನ್ರಿ ಲೂಯಿಸ್‌ಗೆ, ಆಮೇಲೆ ಜೆರ್ಸಿ ಜೋ ವಾಲ್ಕಾಟ್‌ಗೆ, ಹೀಗೆ ಕರಿಯರಿಗೂ ತನ್ನ ಪಟ್ಟ ಕಿತ್ತುಕೊಳ್ಳೋ ಅವಕಾಶ ಕೊಟ್ಟ. ಅವನ ಹಿಂದೆ ಚಾರ್ಲ್ಸ್ ಬಂದ, ವಾಲ್ಕಾಟ್ ಬಂದ, ಪ್ಯಾಟರ್ಸನ್ ಬಂದ, ಲಿಸ್ಟನ್ ಬಂದ. 1964ರಲ್ಲಿ ಅಲಿ ಬಂದ.

ಇಲ್ಲಿ ನೀವು ಎದ್ದು ನಿಲ್ತೀರಿ, ಗೊತ್ತು. ಲೂಯಿ ಹೇಳಿದಂತೆ ಕೇಳ್ಕೊಂಡಿದ್ದವನು, ಬಿದ್ದ ಬಿಳಿಯನ ಮುಂದೆ ನಗಬಾರದು, ಬಿಳಿ ಹೆಂಗಸಿನ ಜೊತೆ ಫೋಟೋ ತೆಗೆಸಿಕೊಳ್ಳಬಾರದು ಅಂತೆಲ್ಲ ಕಟ್ಟಳೆಗೆ ತಲೆ ಬಾಗಿದವನು, ಅಲಿಯೇ ಅವನನ್ನು ಬಿಳಿಯರ ಆಳು ಅಂತ ಜರಿದಿಲ್ಲವಾ ಅಂತೀರಿ. ಅಲಿ 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಸೈನ್ಯಕ್ಕೆ ಸೇರಲ್ಲ ಅಂತ ನಿಂತದ್ದು, ಪಟ್ಟ ಹೋದರೂ ಬಗ್ಗದೆ, 1971ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು, ಅದಲ್ಲವಾ ದೊಡ್ಡ ಗೆಲುವು ಅಂತೀರಿ.

ಒಪ್ಪುತ್ತೇವೆ. ಮನುಷ್ಯನಾಗಿ ಅಲಿ ತೋರಿಸಿದ ಎದೆಗಾರಿಕೆಗೆ ಸಮ ಇಲ್ಲ. ಲೂಯಿ ನುಂಗಿದ ಅವಮಾನವೂ ಸಣ್ಣದಲ್ಲ, ಆ ಕಟ್ಟಳೆಗಳು ಮೆಚ್ಚುವಂಥವೂ ಅಲ್ಲ. ಆದರೆ ಒಂದನ್ನು ಯೋಚಿಸಿ. ಪಟ್ಟವನ್ನು ಧಿಕ್ಕರಿಸೋಕೆ ಮೊದಲು ಪಟ್ಟ ಕೈಗೆ ಬರಬೇಕು. ಅಲಿಯ ಕೈಗೆ ಅದು ಬಂದದ್ದು ಲೂಯಿ ತೆರೆದ ಬಾಗಿಲಿನಿಂದ. ನಗೋಕೆ ಅಪ್ಪಣೆ ಇಲ್ಲದವನು ಗೆದ್ದದ್ದರಿಂದ, ಅಪ್ಪಣೆ ಕೇಳದೆ ನಗೋನು ಹುಟ್ಟಿದ.

ನಮ್ಮಲ್ಲೂ ಇಂಥದ್ದು ನಡೆದಿದೆ. ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲು ಚಮ್ಮಾರರ ಮನೆಯವರು, ಆ ಕಾಲದ ದೊಡ್ಡ ಬೌಲರ್. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಪುಣೆಯಲ್ಲಿ ಅವರ ಕೈಯ ಚೆಂಡು ಮೇಲ್ಜಾತಿಯವರಿಗೆ ಬೇಕಿತ್ತು, ಆದರೆ ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕ ಅಂತ ಅವರನ್ನು ಮಾಡಲೇ ಇಲ್ಲ. 1923ರಲ್ಲಿ ಅವರ ತಮ್ಮ ವಿಠಲ್ ನಾಯಕರಾದರು. ಅಣ್ಣನ ಬೆವರಿಗೆ ತಮ್ಮನ ಕಾಲಕ್ಕೆ ಬೆಲೆ ಬಂತು.

ಇದನ್ನೆಲ್ಲ ಯಾಕೆ ಬರೆದೆವು? ಹಾಸ್ಟೆಲಿನಲ್ಲಿ ನಮ್ಮ ಜೊತೆ ಒಂದೇ ಚಾಪೆಯಲ್ಲಿ ಮಲಗಿದವರು ಕೆಲವರು ಇವತ್ತು ಆಫೀಸರುಗಳಾಗಿದ್ದಾರೆ. ನಮಗೆ ಅದು ಹೆಮ್ಮೆ. ಅವರಲ್ಲಿ ಕೆಲವರು ಪರೀಕ್ಷೆ ಕಟ್ಟೋ ಹುಡುಗರಿಗೆ ಪುಸ್ತಕ ಕಳಿಸ್ತಾರೆ, ರೂಮಿನಲ್ಲಿ ಜಾಗ ಕೊಡ್ತಾರೆ. ಇನ್ನು ಕೆಲವರು ಅಡ್ಡಹೆಸರು ಬದಲಾಯಿಸಿಕೊಂಡು, ಊರಿನ ಹುಡುಗ ಬಾಗಿಲಿಗೆ ಬಂದರೆ ಮನೇಲಿಲ್ಲ ಅಂತ ಹೇಳಿಸ್ತಾರೆ. ನಾಳೆ ನೀವೂ ಗೆಲ್ತೀರಿ. ಗೆಲ್ಲಲೇಬೇಕು. ಗೆದ್ದ ದಿನ ಅಗುಳಿಯ ಮೇಲೆ ನಿಮ್ಮ ಕೈ ಇರುತ್ತೆ. ಆಗ ಜಾನ್ಸನ್‌ನನ್ನೂ ನೆನೆಸಿಕೊಳ್ಳಿ, ಲೂಯಿಯನ್ನೂ ನೆನೆಸಿಕೊಳ್ಳಿ.

ನಮ್ಮ ತೀರ್ಪನ್ನು ಒಪ್ಪಲೇಬೇಕು ಅಂತ ಏನಿಲ್ಲ. ಒಪ್ಪದವರು ಬರೆದು ಕಳಿಸಿ, ಅಚ್ಚು ಹಾಕ್ತೀವಿ. ಇಲ್ಲವೇ ಮುಂದಿನ ಸಭೆಗೆ ಬನ್ನಿ, ಎದುರಾ ಎದುರೇ ಜಗಳ ಆಡೋಣ. ಜೈ ಭೀಮ್.