ಪಟ್ಟಿಯಲ್ಲಿ ಇಲ್ಲದ ಕಸುಬು

ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಕಡೆಗೆ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಹಕ್ಕಿಗಳ ಜೊತೆಗೆ ಆಗಾಗ ಸೋಫಾಗಳೂ ಕಾಣಸಿಗುತ್ತವೆ. (ಜೆ.ಪಿ. ನಗರದ ಬದಿಯಲ್ಲೂ ಒಂದು ಪುಟ್ಟೇನಹಳ್ಳಿ ಇದೆ, ಅಲ್ಲೂ ಒಂದು ಕೆರೆ ಇದೆ. ನಾವು ಹೇಳುತ್ತಿರುವುದು ಉತ್ತರದ ತುದಿಯದ್ದರ ಬಗ್ಗೆ.) 2015ರಲ್ಲಿ ಸರ್ಕಾರ ಈ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಅದಕ್ಕೆ ಹೋಗುವ ರಸ್ತೆಯ ಅಂಚಿನಲ್ಲಿ ಕಳೆದ ಮಳೆಗಾಲ ಒಂದು ಮೂರು ಸೀಟಿನ ಸೋಫಾ ಹಲವು ವಾರ ಮಲಗಿತ್ತು. ಮೇಲಿನ ಬಟ್ಟೆ ಹರಿದು ಹಳದಿ ಫೋಮು ಹೊರಗೆ ಬಂದಿತ್ತು. ನಾವು ಒಂದು ದಿನ ಕುತೂಹಲಕ್ಕೆ ಅದನ್ನು ಬಗ್ಗಿ ನೋಡಿದೆವು. ಮರದ ಚೌಕಟ್ಟು ಗಟ್ಟಿಯಾಗಿತ್ತು. ಒಳಗಿನ ಸ್ಪ್ರಿಂಗ್‌ಗಳಲ್ಲಿ ಎರಡೋ ಮೂರೋ ಕಳಚಿದ್ದವು, ಅಷ್ಟೆ. ಅದು ಸತ್ತ ಸೋಫಾ ಅಲ್ಲ. ಅದನ್ನು ಹೊರಹಾಕಿದವರ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲೇ ಅದನ್ನು ಬದುಕಿಸಬಲ್ಲ ಒಬ್ಬ ಮನುಷ್ಯ ಗಿರಾಕಿಗಾಗಿ ಕಾದು ಕೂತಿದ್ದ ಎಂಬುದು ನಮಗೆ ಆಮೇಲೆ ತಿಳಿಯಿತು.

ಬೇರೆಯವರನ್ನು ಆಡಿಕೊಳ್ಳುವ ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳಿಬಿಡುತ್ತೇವೆ. ಹಬ್ಬಕ್ಕೆ ನೆಂಟರು ಬರುವವರಿದ್ದರು. ಸೋಫಾದ ಮೇಲೆ ಮಕ್ಕಳು ಚೆಲ್ಲಿದ ಚಹಾದ ಕಲೆ. ಮೊಬೈಲಿನಲ್ಲಿ ಬೆರಳು ಒತ್ತಿದೆವು. ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರು ಹುಡುಗರು ಯಂತ್ರ ಹೊತ್ತು ಬಂದರು. ಅವರ ಕೈಯಲ್ಲಿ ಇದ್ದದ್ದು ಮುಕ್ಕಾಲು ಗಂಟೆ. ಆಮೇಲೆ ಕೊಡಿಗೇಹಳ್ಳಿಯಲ್ಲಿ ಇನ್ನೊಂದು ಮನೆ. ನೊರೆ ಹಾಕಿ, ಬ್ರಷ್ ತಿಕ್ಕಿ, ನೀರು ಹೊಡೆದು, ಅರ್ಧಂಬರ್ಧ ಹೀರಿ ಹೊರಟರು. ಕಲೆ ಹೋಯಿತು, ನಾವು ಐದು ನಕ್ಷತ್ರ ಕೊಟ್ಟೆವು. ನಾಲ್ಕನೆಯ ದಿನ ಮನೆಯಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಹತ್ತನೆಯ ದಿನ ಬಟ್ಟೆಯ ಮೇಲೆ ಕಂದು ಉಂಗುರಗಳು ಎದ್ದವು.

ಆಗ ನಮಗೆ ನೆನಪಾದದ್ದು ಡಾಂಬರು ರಸ್ತೆಯ ತಿರುವಿನಲ್ಲಿ ಒಂದು ಹೊಲಿಗೆ ಯಂತ್ರ, ಫೋಮಿನ ಹಾಳೆಗಳ ಸುರುಳಿ, ರೆಕ್ಸಿನ್ ತುಂಡುಗಳನ್ನು ಇಟ್ಟುಕೊಂಡು ಕೂರುವ ಚಾಚಾ. ಅವರು ಸೋಫಾವನ್ನು ಬೋರಲು ಹಾಕಿ, ಕೆಳಗಿನ ಕಪ್ಪು ಬಟ್ಟೆಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತರು. ಒಳಗೆ ಕೈಹಾಕಿ ನಮ್ಮ ಕೈಯನ್ನೂ ಒಳಗೆ ಎಳೆದರು. ಫೋಮು ಇನ್ನೂ ಒದ್ದೆ.

"ಸಾರ್, ಫೋಮು ಅಂದ್ರೆ ಸ್ಪಂಜು. ಕುಡಿದ ನೀರನ್ನ ಅದಾಗೇ ಬಿಡಲ್ಲ. ಮೇಲೆ ಒಣಗಿತು ಅಂತ ಕೂತ್ಕೊಂಡ್ರಿ, ಒಳಗೆ ಬೂಸ್ಟು ಬಂತು. ಮೊದಲು ಒಣ ಧೂಳು ತೆಗೀಬೇಕು. ಆಮೇಲೆ ಬಟ್ಟೆ ಬಣ್ಣ ಬಿಡುತ್ತಾ ಅಂತ ಕಾಣದ ಮೂಲೇಲಿ ಒದ್ದೆ ಬಟ್ಟೆ ಒತ್ತಿ ನೋಡಬೇಕು. ಆಮೇಲೆ ನೀರು, ಅದೂ ಎಷ್ಟು ಬೇಕೋ ಅಷ್ಟೇ. ಆಮೇಲೆ ಇಡೀ ದಿನ ಫ್ಯಾನು. ಇದಕ್ಕೆ ಮುಕ್ಕಾಲು ಗಂಟೆ ಸಾಲುತ್ತಾ ನೀವೇ ಹೇಳಿ."

ಆ ಹುಡುಗರ ಮೇಲೆ ಅವರಿಗೆ ಕೋಪ ಇರಲಿಲ್ಲ. "ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ ಸಾರ್" ಎಂದರು. ಫೋಮು ಬದಲಾಯಿಸಿ, ಸ್ಪ್ರಿಂಗು ಬಿಗಿದು, ಹೊಸ ಬಟ್ಟೆ ಹೊದಿಸಲು 7,000 ರೂಪಾಯಿ ಕೇಳಿದರು. ನಾವು ಏನು ಮಾಡಿದೆವು? "ಅಯ್ಯೋ, ಇಷ್ಟಕ್ಕೆ ಇನ್ನೊಂದಿಷ್ಟು ಹಾಕಿದರೆ ಹೊಸದೇ ಬರುತ್ತದೆ" ಎಂದೆವು. ಈ ನಾಲಗೆಯಿಂದಲೇ ಬಂದ ಮಾತು ಅದು. ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಆ ಮಾತಿನ ಒಳಗೆ ಏನಿದೆ ಎಂದು ಬಿಚ್ಚಿ ನೋಡೋಣ. ಮಾಲಿನಲ್ಲಿ ಕಂತಿನ ಮೇಲೆ ಸಿಗುವ "ಲೆದರೆಟ್" ಸೋಫಾ ಚರ್ಮದ್ದಲ್ಲ. ಬಟ್ಟೆಯ ಮೇಲೆ ಪಾಲಿಯುರೆಥೇನ್ ಲೇಪನ. ಅಗ್ಗದ ಲೇಪನವಾದರೆ ಗಾಳಿಯ ತೇವವೇ ಅದನ್ನು ಕೆಲವು ವರ್ಷಗಳಲ್ಲಿ ಕೆಡಿಸುತ್ತದೆ. ಸುಟ್ಟ ಚರ್ಮದ ಹಾಗೆ ಹೆಕ್ಕಳೆ ಹೆಕ್ಕಳೆಯಾಗಿ ಏಳುತ್ತದೆ. ಅದನ್ನು ತೊಳೆಯಲೂ ಆಗದು, ಅಂಟಿಸಲೂ ಆಗದು. ಒಳಗಿನ ಫೋಮಿನ ಸಾಂದ್ರತೆ ಎಷ್ಟು, ಮರ ಯಾವುದು, ಬಟ್ಟೆಯನ್ನು ನೀರಿನಿಂದ ತೊಳೆಯಬಹುದೇ ಇಲ್ಲವೇ ಎಂದು ಬರೆದ ಚೀಟಿ ನಾವು ಕೇಳಿದ ಯಾವ ಅಂಗಡಿಯಲ್ಲೂ ಇರಲಿಲ್ಲ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗೆ ಏನೇನಿದೆ ಎಂದು ಅಚ್ಚು ಹಾಕಿರುತ್ತಾರೆ. ಮೂವತ್ತು ಸಾವಿರದ ಸೋಫಾದ ಹೊಟ್ಟೆಯೊಳಗೆ ಏನಿದೆ ಎಂದು ಗೊತ್ತಿರುವುದು ಅದನ್ನು ಬಿಚ್ಚುವ ಚಾಚಾನಿಗೆ ಮಾತ್ರ. ಅವರು ನಮ್ಮ ಎದುರಿಗೇ ಒಂದು ಹೊಸ ಸೋಫಾದ ತೋಳನ್ನು ಬಿಚ್ಚಿ ತೋರಿಸಿದರು. ದಪ್ಪ ಫೋಮು ಎಂದು ನಾವು ಒತ್ತಿ ಖುಷಿಪಡುವ ಜಾಗದಲ್ಲಿ ರಟ್ಟು ಮತ್ತು ಫೋಮಿನ ಚೂರುಗಳು.

ಈ ಕಸುಬಿಗೆ ನಮ್ಮ ನಾಡಿನಲ್ಲಿ ಹಳೆಯ ಬೇರಿದೆ. ಫೋಮು ಬಂದದ್ದು ನಿನ್ನೆ ಮೊನ್ನೆ; ಜರ್ಮನಿಯ ಒಟ್ಟೊ ಬೇಯರ್ ಪಾಲಿಯುರೆಥೇನನ್ನು ಕಂಡುಹಿಡಿದದ್ದು 1937ರಲ್ಲಿ. ಅದಕ್ಕೆ ಮುಂಚೆ ನಾವು ಮಲಗಿದ್ದು, ಒರಗಿದ್ದು ಹತ್ತಿಯ ಮೇಲೆ, ಬೂರುಗದ ಅರಳೆಯ ಮೇಲೆ, ತೆಂಗಿನ ನಾರಿನ ಮೇಲೆ. ಗಂಟು ಕಟ್ಟಿದ ಹಾಸಿಗೆಯನ್ನು ಬಿಚ್ಚಿ, ಅರಳೆಯನ್ನು ಬಿಲ್ಲಿನ ತಂತಿಗೆ ಕೊಟ್ಟು ಹಿಂಜಿ, ಮೋಡದ ಹಾಗೆ ಮಾಡಿ ಮತ್ತೆ ತುಂಬಿ, ದಬ್ಬಳದಿಂದ ಹೊಲಿದು ಕೊಡುತ್ತಿದ್ದವರು ಪಿಂಜಾರರು. ನದಾಫರು ಎಂದರೂ ಅವರೇ. ಆ ಬಿಲ್ಲಿನ ಟಂಯ್ ಟಂಯ್ ಸದ್ದು ಕೇಳಿದರೆ ಬೀದಿಯ ಹೆಂಗಸರು ದಿಂಬು ಹಿಡಿದು ಹೊರಗೆ ಬರುತ್ತಿದ್ದ ಕಾಲ ನಮ್ಮಲ್ಲಿ ಅನೇಕರಿಗೆ ಇನ್ನೂ ನೆನಪಿದೆ. 'ನದ್ದಾಫ್' ಎಂಬ ಅರಬಿ ಪದದ ಅರ್ಥವೇ ಹತ್ತಿ ಹಿಂಜುವವನು. 922ರಲ್ಲಿ ಬಾಗ್ದಾದಿನಲ್ಲಿ ಗಲ್ಲಿಗೇರಿದ ಸೂಫಿ ಮನ್ಸೂರನ ಹೆಸರಿನ ಜೊತೆಗಿರುವ 'ಹಲ್ಲಾಜ್' ಎಂಬುದಕ್ಕೂ ಅದೇ ಅರ್ಥ. ಈ ಕಡೆ, ಹನ್ನೆರಡನೆಯ ಶತಮಾನದ ವಚನಕಾರ್ತಿಯರ ಸಾಲಿನಲ್ಲಿ ರಾಟೆ ತಿರುಗಿಸಿ ನೂಲುತ್ತಿದ್ದ ಕದಿರ ರೆಮ್ಮವ್ವೆ ಇದ್ದಾಳೆ. ಹತ್ತಿಯ ಕೆಲಸದವರನ್ನು ಅನುಭಾವಿಗಳ ಸಾಲಿನಲ್ಲಿ ಕೂರಿಸಿದ ಪರಂಪರೆ ನಮ್ಮದು. ಭಾಷಣಕ್ಕೆ ಇದು ಚೆನ್ನಾಗಿ ಒದಗುತ್ತದೆ.

ಈಗ ಭಾಷಣದಿಂದ ಕಡತಕ್ಕೆ ಬರೋಣ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಪಿಂಜಾರರು, ನದಾಫರು ಇದ್ದಾರೆ. ಜಾತಿಯಾಗಿ ಸರ್ಕಾರ ಅವರನ್ನು ಗುರುತಿಸಿದೆ. ಆದರೆ 17 ಸೆಪ್ಟೆಂಬರ್ 2023ರಂದು ಕೇಂದ್ರ ಸರ್ಕಾರ ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯನ್ನು ತೆಗೆದು ನೋಡಿ. 18 ಕಸುಬುಗಳ ಪಟ್ಟಿ ಅದರಲ್ಲಿದೆ. ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಚಮ್ಮಾರ, ಗಾರೆ ಕೆಲಸದವರು, ಕ್ಷೌರಿಕ, ಮಡಿವಾಳ, ದರ್ಜಿ, ಹೂಮಾಲೆ ಕಟ್ಟುವವರು, ಬೀಗ ಮಾಡುವವರು, ಮೀನಿನ ಬಲೆ ಹೆಣೆಯುವವರು, ದೋಣಿ ಕಟ್ಟುವವರು, ಆಯುಧ ಮಾಡುವವರು, ಗೊಂಬೆ ಮಾಡುವವರು ಹೀಗೆ. ಎಲ್ಲರೂ ಅರ್ಹರೇ, ಯಾರ ಹೆಸರನ್ನೂ ತೆಗೆಯಿರಿ ಎಂದು ನಾವು ಹೇಳುತ್ತಿಲ್ಲ. ಆದರೆ ಹತ್ತಿ ಹಿಂಜುವವನು ಅದರಲ್ಲಿ ಇಲ್ಲ. ಹಾಸಿಗೆ ಹೊಲಿಯುವವನು ಇಲ್ಲ. ಸೋಫಾ, ಕಾರಿನ ಸೀಟು ಕಟ್ಟುವ ಕುಷನ್ ಕೆಲಸದವನು ಇಲ್ಲ. ಪಟ್ಟಿಯಲ್ಲಿರುವವರಿಗೆ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಚಾಚಾನಿಗೆ ಬೇಕಾಗಿದ್ದದ್ದೂ ಇಷ್ಟೇ: ನೀರು ಹೀರುವ ಒಂದು ಯಂತ್ರ, ಗಾಳಿಯ ಒತ್ತಡದ ಪಿನ್ ಗನ್ನು. "ದರ್ಜಿ ಅಂತ ಬರೆಸಿಕೊಳ್ಳಿ" ಎಂದು ಯಾರೋ ಸಲಹೆ ಕೊಟ್ಟರಂತೆ. "ನಾನು ಜುಬ್ಬಾ ಹೊಲಿಯಲ್ಲವಲ್ಲ ಸಾರ್" ಎಂದು ನಕ್ಕರು. ಜಾತಿಯಾಗಿ ಪಟ್ಟಿಗೆ ಸೇರಿಸಿಕೊಂಡು ಕಸುಬಾಗಿ ಮರೆತುಬಿಡುವುದು, ಇದು ಎಂಥ ಲೆಕ್ಕ?

ಒಂದು ಆಕ್ಷೇಪಣೆ ನಮಗೆ ಗೊತ್ತಿದೆ. ಕಾಲ ಬದಲಾಯಿತು, ಹತ್ತಿ ಹೋಯಿತು, ಕಸುಬೂ ಹೋಯಿತು, ಅದಕ್ಕೆ ಯಾರೇನು ಮಾಡಲಾದೀತು ಎನ್ನುತ್ತಾರೆ. ಕಸುಬು ಹೋಗಿಲ್ಲ ಎಂಬುದೇ ನಮ್ಮ ವಾದ. ಬಿಲ್ಲು ಹೋಯಿತು, ಕೈ ಉಳಿಯಿತು. ಆ ಕೈ ಫೋಮು ಕತ್ತರಿಸುವುದನ್ನು ಕಲಿಯಿತು, ರೆಕ್ಸಿನ್ ಹೊಲಿಯುವುದನ್ನು ಕಲಿಯಿತು, ಆಟೋದ ಸೀಟಿಗೆ, ಬಸ್ಸಿನ ಸೀಟಿಗೆ, ಕಾರಿನ ಸೀಟಿಗೆ ಹೋಯಿತು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ನೋಡಿ, ಶಿವಾಜಿನಗರದ ಗಲ್ಲಿಗಳಿಗೆ ಹೋಗಿ ನೋಡಿ. ಈ ಕೆಲಸದಲ್ಲಿ ಈಗ ಎಲ್ಲ ಜಾತಿಯವರೂ, ಎಲ್ಲ ಧರ್ಮದವರೂ ಇದ್ದಾರೆ. ಹಾಗಾಗಿ ಇದನ್ನು ಒಂದು ಸಮುದಾಯದ ಅಳಲು ಎಂದು ಬದಿಗೆ ತಳ್ಳಬೇಡಿ.

ಯಲಹಂಕದಲ್ಲಿ ಈ ಕೆಲಸ ಹೆಚ್ಚಲು ಒಂದು ಕಾರಣವೂ ಇದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದ ಈಚೆಗೆ ಈ ಕಡೆಯ ರಸ್ತೆಗಳಲ್ಲಿ ಹಗಲೂ ರಾತ್ರಿ ಟ್ಯಾಕ್ಸಿ. ಕುಡಿದ ಪ್ರಯಾಣಿಕನೊಬ್ಬ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿದರೆ ಆ ರಾತ್ರಿಯ ದುಡಿಮೆ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಆರಕ್ಕೇ ಚಾಲಕ ಚಾಚಾನ ಮುಂದೆ ನಿಂತಿರುತ್ತಾನೆ: "ಮಾಮಾ, ಹತ್ತು ಗಂಟೆಗೆ ಡ್ಯೂಟಿ, ಏನಾದ್ರೂ ಮಾಡು." ವಾಸನೆ ಬಂದರೆ ಮುಂದಿನ ಗಿರಾಕಿ ನಕ್ಷತ್ರ ಕಡಿಮೆ ಕೊಡುತ್ತಾನೆ. ವಾಂತಿ ಮಾಡಿದವನು ನೆಮ್ಮದಿಯಾಗಿ ವಿಮಾನದಲ್ಲಿದ್ದಾನೆ. ಅವನ ಹೊಲಸನ್ನು ತೆಗೆಯುವ ಖರ್ಚು ಚಾಲಕನದು, ತೆಗೆಯುವ ಕೈ ಚಾಚಾನದು.

ಕಾರಿನ ಸೀಟು ಈಗ ಬರೀ ಸೀಟಲ್ಲ ಎಂಬುದು ಗಂಭೀರವಾದ ಮಾತು. ಬಹಳಷ್ಟು ಹೊಸ ಕಾರುಗಳಲ್ಲಿ ಮುಂದಿನ ಸೀಟಿನ ಒರಗುಬೆನ್ನಿನ ಪಕ್ಕದಲ್ಲೇ ಏರ್‌ಬ್ಯಾಗ್ ಅಡಗಿರುತ್ತದೆ. ಅಪಘಾತವಾದಾಗ ಅದು ಹೊಲಿಗೆಯನ್ನು ಹರಿದುಕೊಂಡು ಹೊರಗೆ ಬರಬೇಕು. ಆ ಜಾಗದಲ್ಲಿ ದಪ್ಪ ರೆಕ್ಸಿನ್ನಿನ ಕವರನ್ನು ಗಟ್ಟಿ ದಾರದಲ್ಲಿ ಹೊಲಿದರೆ, ಅದು ಬರಬೇಕಾದಂತೆ ಬರದೆ ಹೋಗಬಹುದು. ಅಲ್ಲಿ ಬೇಗ ಹರಿಯುವ ಹೊಲಿಗೆಯನ್ನೇ ಹಾಕಬೇಕು, ಇಲ್ಲವೇ ಆ ಭಾಗವನ್ನು ತೆರೆದು ಬಿಡಬೇಕು. ಸೀಟಿನ ಅಡಿಯಲ್ಲಿ ವೈರುಗಳಿರುತ್ತವೆ, ಕೂತವರನ್ನು ಗುರುತಿಸುವ ಸಂವೇದಕ ಇರುತ್ತದೆ. ಸಿಕ್ಕಂತೆ ನೀರು ಹೊಡೆದರೆ ಅವು ಕೆಡುತ್ತವೆ. ಇದನ್ನು ಚಾಚಾನಿಗೆ ಹೇಳಬೇಕಾದವರು ಯಾರು? ಗಟ್ಟಿಯಾಗಿ ಹೊಲಿಯುವುದೇ ಒಳ್ಳೆಯ ಕೆಲಸ ಎಂದು ಅಪ್ಪನಿಂದ ಕಲಿತ ಮನುಷ್ಯ ಅವರು. ನಾವು ಈ ವಿಷಯ ಹೇಳಿದಾಗ ಅವರ ಮುಖ ಸಣ್ಣದಾಯಿತು. "ಎಷ್ಟು ಗಾಡಿಗೆ ಹೊಲಿದುಬಿಟ್ಟಿದ್ದೀನಿ ಸಾರ್" ಎಂದು ಸುಮ್ಮನಾದರು. ಒಂದು ದಿನದ ತರಬೇತಿಯಿಂದ ತಪ್ಪಬಹುದಾದ ಅಪಾಯ ಇದು. ಆ ತರಬೇತಿ ಅವರ ಬಳಿಗೆ ಬಂದಿಲ್ಲ, ಏಕೆಂದರೆ ಅವರು ಪಟ್ಟಿಯಲ್ಲಿಲ್ಲ.

ಅವರ ಸ್ವಂತ ದೇಹದ ಮಾತು ಬೇರೆ ಇದೆ. ಫೋಮು, ರೆಕ್ಸಿನ್ ಅಂಟಿಸುವ ಗೋಂದಿನಲ್ಲಿ ಟಾಲ್ವೀನ್, ಹೆಕ್ಸೇನಿನಂಥ ದ್ರಾವಕಗಳಿರುತ್ತವೆ. 1960ರ ದಶಕದಲ್ಲಿ ಜಪಾನಿನಲ್ಲಿ ಚಪ್ಪಲಿ ಅಂಟಿಸುತ್ತಿದ್ದ ಕಾರ್ಮಿಕರ ಕೈಕಾಲು ಜೋಮು ಹಿಡಿದು ಬಲ ಕಳೆದುಕೊಂಡದ್ದು ಹೆಕ್ಸೇನಿನ ಹಬೆಯಿಂದ ಎಂದು ವೈದ್ಯರು ಕಂಡುಕೊಂಡರು. ಕಲೆ ಅಂಟದಂತೆ ಸೋಫಾಕ್ಕೆ ಸಿಂಪಡಿಸುವ ರಾಸಾಯನಿಕಗಳ ಕಥೆಯೂ ಹೀಗೆಯೇ. 3ಎಂ ಕಂಪನಿ ತನ್ನ ಹೆಸರಾಂತ ಸ್ಕಾಚ್‌ಗಾರ್ಡ್‌ನ ಮೂಲ ರಾಸಾಯನಿಕವನ್ನು ಕೈಬಿಡುವುದಾಗಿ 2000ದಲ್ಲಿ ಘೋಷಿಸಿತು. 2009ರಲ್ಲಿ ಪಿ.ಎಫ್.ಒ.ಎಸ್. ಎಂಬ ಆ ಗುಂಪಿನ ವಸ್ತು ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧದ ಪಟ್ಟಿಗೆ ಸೇರಿತು. ನೋಡಿ, ವಿಷಕ್ಕೂ ಒಂದು ಪಟ್ಟಿ ಇದೆ! ಚಾಚಾ ಮೂಗಿಗೆ ಕರ್ಚೀಫು ಕಟ್ಟಿಕೊಳ್ಳುತ್ತಾರೆ. ಧೂಳಿಗೆ ಅದು ಅಷ್ಟಿಷ್ಟು ತಡೆ, ಹಬೆಗೆ ಏನೂ ಅಲ್ಲ. ಬಯಲಿನಲ್ಲಿ ಕೂತು ಅಂಟಿಸುವುದರಿಂದ ಗಾಳಿಯಾದರೂ ಆಡುತ್ತದೆ ಎಂಬುದೊಂದೇ ಸಮಾಧಾನ.

ಆ ಬಯಲನ್ನೂ ಕಸಿದುಕೊಳ್ಳುವವರು ನಾವೇ. ಅಪಾರ್ಟ್‌ಮೆಂಟಿನ ಒಳಗೆ ರಿಪೇರಿ ಮಾಡಿಸುವಂತಿಲ್ಲ, ಸದ್ದು, ಧೂಳು ಎಂದು ನಿಯಮ. ಸಾಮಾನು ಹೊತ್ತು ಬಂದರೆ ಕಾವಲುಗಾರ ಹೆಸರು, ಊರು, ಆಧಾರ್ ಎಲ್ಲ ಬರೆಸಿಕೊಂಡು ಹಿಂದಿನ ಲಿಫ್ಟು ತೋರಿಸುತ್ತಾನೆ. ಸರಿ, ರಸ್ತೆಯಲ್ಲಿ ಕೂತರೆ ಫುಟ್‌ಪಾತ್ ಆಕ್ರಮಣ ಎಂದು ನಮ್ಮಲ್ಲೇ ಒಬ್ಬರು ಫೋಟೋ ಹೊಡೆದು ದೂರು ಕೊಡುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ಸರಕು ಮಾರುವವರು ಮಾತ್ರವಲ್ಲ, ಬೀದಿಯಲ್ಲಿ ಸೇವೆ ಒದಗಿಸುವವರೂ ಸೇರಿದ್ದಾರೆ. ಸಮೀಕ್ಷೆ ಮಾಡಿ, ಪ್ರಮಾಣಪತ್ರ ಕೊಟ್ಟು, ಜಾಗ ಗುರುತಿಸದೆ ಅವರನ್ನು ಎಬ್ಬಿಸುವಂತಿಲ್ಲ ಎಂದು ಅದು ಹೇಳುತ್ತದೆ. ಪಾನಿಪೂರಿ ಗಾಡಿಯವರಿಗೆ ಗೊತ್ತಿರುವ ಈ ಕಾಯ್ದೆ ಸೋಫಾ ಹೊಲಿಯುವವರಿಗೂ ಅನ್ವಯಿಸುತ್ತದೆ ಎಂದು ಚಾಚಾನಿಗೆ ಯಾರೂ ಹೇಳಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿ.ಬಿ.ಎಂ.ಪಿ. ಹೋಗಿ ಐದು ಪಾಲಿಕೆಗಳು ಬಂದಿವೆ. ಹೊಸ ಪಾಲಿಕೆ ಸಮೀಕ್ಷೆಗೆ ಹೊರಡುವಾಗ ಸೂಜಿ ದಾರ ಹಿಡಿದವರೂ ಅದರ ಕಣ್ಣಿಗೆ ಬೀಳಬೇಕು.

ಆ್ಯಪಿನ ಹುಡುಗರನ್ನು ಚಾಚಾನ ವೈರಿಗಳೆಂದು ಚಿತ್ರಿಸುವುದು ಸುಲಭ. ನಾವು ಆ ತಪ್ಪು ಮಾಡುವುದಿಲ್ಲ. ಅವರ ಗಂಟೆಯನ್ನು ಅಳೆಯುವವರು ಬೇರೆ ಇದ್ದಾರೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ತಂದ ಕಾಯ್ದೆ ಪ್ರತಿ ವಹಿವಾಟಿನ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ಮಾಡಿದೆ. ಅದು ಒಳ್ಳೆಯದೇ. ಆದರೆ ಆ ಕಾಯ್ದೆಯ ನೆರಳು ಬೀಳುವುದು ಮೊಬೈಲಿನಲ್ಲಿ ಕಾಣುವವರ ಮೇಲೆ ಮಾತ್ರ. ಮೂವತ್ತು ವರ್ಷ ಒಂದೇ ತಿರುವಿನಲ್ಲಿ ಕೂತವನು ಯಾವ ವೇದಿಕೆಯ ಕಾರ್ಮಿಕನೂ ಅಲ್ಲ. ಕೆಲಸ ಬಲ್ಲವನಿಗೆ ಭದ್ರತೆ ಇಲ್ಲ, ಭದ್ರತೆಯ ಮಾತು ಕೇಳಿಸಿಕೊಂಡವನಿಗೆ ಕೆಲಸ ಕಲಿಯಲು ಸಮಯ ಇಲ್ಲ. ಈ ಇಬ್ಬರನ್ನೂ ಒಂದೇ ಅಂಗಳದಲ್ಲಿ ಕೂರಿಸಿ, ಚಾಚಾನನ್ನು ಮೇಷ್ಟ್ರು ಎಂದು ಕರೆದು, ಆ ಪಾಠಕ್ಕೆ ಸಂಬಳ ಕೊಡುವುದು ಸರ್ಕಾರಕ್ಕೆ ಅಸಾಧ್ಯವೇ?

ನಮ್ಮ ಸೋಫಾ ಕೊನೆಗೂ ರಿಪೇರಿಯಾಯಿತು. ಐದು ದಿನ ಹಿಡಿಯಿತು, 7,000ಕ್ಕೇ ಒಪ್ಪಿದೆವು. ಮಳೆ ಬಂದ ಎರಡು ದಿನ ಚಾಚಾ ಪ್ಲಾಸ್ಟಿಕ್ ಹೊದಿಸಿ ಕಾದರು. ನಮ್ಮ ಕಟ್ಟಡದ ನೆಲಮಾಳಿಗೆಯ ಖಾಲಿ ಮೂಲೆಯಲ್ಲಿ ಅಂಟಿನ ಕೆಲಸ ಬಿಟ್ಟು ಹೊಲಿಗೆಯ ಕೆಲಸಕ್ಕೆ ತಿಂಗಳಿಗೆ ಎರಡು ಭಾನುವಾರ ಜಾಗ ಕೊಡಬೇಕೆಂದು, ಬಂದು ನೋಡಿ ಹೋದದ್ದಕ್ಕೂ 200 ರೂಪಾಯಿ ಕೊಡಬೇಕೆಂದು ನಿವಾಸಿಗಳ ಸಂಘಕ್ಕೆ ಅರ್ಜಿ ಬರೆದಿದ್ದೇವೆ. ಮೊದಲ ಸಭೆಯಲ್ಲಿ ವಿಷಯ ಮುಂದಕ್ಕೆ ಹೋಯಿತು. ಒಬ್ಬರು ಮಾತ್ರ ಹೊರಗೆ ಬಂದು, ತಮ್ಮ ಕಾರಿನ ಸೀಟಿನ ಪಕ್ಕದ ಹೊಲಿಗೆ ಯಾವ ಬಗೆಯದೆಂದು ಚಾಚಾನಿಗೆ ತೋರಿಸಬೇಕಿತ್ತು, ಅವರು ಎಷ್ಟು ಗಂಟೆಗೆ ಸಿಗುತ್ತಾರೆ ಎಂದು ಕೇಳಿದರು.